ಹಡೆದವು, ಉಳಿದವು

8 ಫೆಬ್ರುವರಿ 2011, ಮಂಗಳವಾರ

ನಾಳೆಯಿಂದ ಜನಗಣತಿ. ಮುಂಡರಗಿಯ ತರಬೇತಿ ಮುಗಿದು ಚೀಲ ಮನೆಗೆ ಬಂದಿದೆ. ಒಳಗೆ ನನ್ನ ಪಾಲಿನ ಓಣಿಗಳ ನಕ್ಷೆ, ಹೋದ ವರ್ಷ ಬೇಸಿಗೆಯಲ್ಲಿ ಮಾಡಿದ ಮನೆಪಟ್ಟಿ, ಕುಟುಂಬ ಅನುಸೂಚಿಗಳ ಕಟ್ಟು. ಹಾಳೆ ಮಡಚಬಾರದು, ಒದ್ದೆಯಾಗಬಾರದು, ಅಂಕಿ ಚೌಕದ ಗೆರೆ ಮುಟ್ಟಬಾರದು, ಯಂತ್ರ ಓದುವಂಥಾದ್ದು ಎಂದು ಸಾರಿ ಸಾರಿ ಹೇಳಿದರು. ತಲೆಗೊಂದು ಸಾಲು, ಸಾಲಿಗೆ 29 ಪ್ರಶ್ನೆ. 1872ರಿಂದ ಎಣಿಸಿದರೆ ಇದು ಹದಿನೈದನೆಯ ಗಣತಿ.

ಪ್ರಶ್ನೆಗಳನ್ನು ಇವತ್ತು ಒಬ್ಬಳೇ ಕೂತು ಗಟ್ಟಿಯಾಗಿ ಓದಿಕೊಂಡೆ. ಹೆಸರು, ವಯಸ್ಸು, ಓದು, ಕೆಲಸ ಇವೆಲ್ಲ ಸರಾಗ. ಕೊನೆಯ ಮೂರಕ್ಕೆ ಬಂದಾಗ ದನಿ ತಾನೇ ಇಳಿಯಿತು. ಮದುವೆಯಾದ ಪ್ರತಿ ಹೆಂಗಸಿಗೂ ಕೇಳಬೇಕು: ಈಗ ಬದುಕಿರುವ ಮಕ್ಕಳೆಷ್ಟು, ಇದುವರೆಗೆ ಜೀವಂತ ಹುಟ್ಟಿದ ಮಕ್ಕಳೆಷ್ಟು, ಕಳೆದ ಒಂದು ವರ್ಷದಲ್ಲಿ ಹುಟ್ಟಿದವೆಷ್ಟು. ಗಂಡು ಬೇರೆ, ಹೆಣ್ಣು ಬೇರೆ. ಊರಿನ ಗಂಡಸರ ಎದುರಿಗೆ ಇದನ್ನು ಹೇಗೆ ಕೇಳುವುದೆಂದು ತರಬೇತಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ಒಳಮನೆಗೆ ಹೋಗಿ ಒಲೆಯ ಹತ್ತಿರ ಕೂತು ಕೇಳುವುದು ಎಂದು ನಾನೇ ತೀರ್ಮಾನಿಸಿಕೊಂಡೆ. ಶಾಲೆಯ ಅಕ್ಕೋರಿಗೆ ಒಳಗೆ ಬರಬೇಡ ಅನ್ನುವ ಮನೆ ನಮ್ಮೂರು ಹಮ್ಮಿಗಿಯಲ್ಲಿ ಇಲ್ಲ.

10 ಫೆಬ್ರುವರಿ, ಗುರುವಾರ

ವಯಸ್ಸು ಹಿಡಿಯುವುದೇ ದೊಡ್ಡ ಕೆಲಸ. ನನ್ನ ಶಾಲೆಯಲ್ಲಿ ಕಲಿತವರಿಗೆ ದಾಖಲಾತಿ ಪುಸ್ತಕ ಇದೆ, ಅದರಲ್ಲಿ ಎಲ್ಲರೂ ಜೂನ್ ಒಂದನೇ ತಾರೀಖೇ ಹುಟ್ಟಿದವರು. ಹಿರಿಯರಿಗೆ ಅದೂ ಇಲ್ಲ. "ಗಾಂಧೀಜಿ ಸತ್ತಾಗ ನಾ ಕುರಿ ಕಾಯೂವಷ್ಟ ಇದ್ದೆ" ಎಂದರು ಒಬ್ಬರು. ಹಾಗಾದರೆ 1948ಕ್ಕೆ ಎಂಟೋ ಒಂಬತ್ತೋ. ಹೆಂಗಸರು ಎಪ್ಪತ್ತೆರಡರ ಬರದಿಂದ ಲೆಕ್ಕ ಹಿಡಿಯುತ್ತಾರೆ. ಆ ಬರದಲ್ಲಿ ಮದುವೆಯಾದವರು, ಚೊಚ್ಚಲ ಹಡೆದವರು, ಬರಗಾಲದ ಕಾಮಗಾರಿಗೆ ಬುಟ್ಟಿ ಹೊತ್ತವರು. ಸ್ವಲ್ಪ ಚಿಕ್ಕವರು ಇಂದಿರಾಗಾಂಧಿ ಹೋದ ವರ್ಷ ಎನ್ನುತ್ತಾರೆ. ನಾನು ಕೂಡಿಸಿ ಕಳೆದು ಚೌಕದಲ್ಲಿ ಎರಡು ಅಂಕಿ ಬರೆಯುತ್ತೇನೆ.

ಹೊರಗಿನವರಿಗೆ ಹಮ್ಮಿಗಿ ಎಂದರೆ 1858ರಲ್ಲಿ ಬ್ರಿಟಿಷರ ವಿರುದ್ಧ ಮುಂಡರಗಿ ಭೀಮರಾಯರ ಜೊತೆ ನಿಂತ ಕೆಂಚನಗೌಡರ ಊರು. ಈಚೆಗೆ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜಿನ ಊರು. ಬಂಡಾಯದ ಕತೆ ಹೇಳುವಾಗ ಕಟ್ಟೆಯ ಮೇಲಿನವರ ಬೆನ್ನು ನೆಟ್ಟಗಾಗುತ್ತದೆ, ನನ್ನದೂ ಆಗುತ್ತದೆ. ಆದರೆ ಈ ಊರಿನ ಹೆಂಗಸರ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಈ ಹಾಳೆಗಳಲ್ಲಿ ಅದರ ಒಂದು ತುಣುಕಾದರೂ ಸಿಕ್ಕೀತೆಂಬ ಆಸೆ ನನಗೆ.

13 ಫೆಬ್ರುವರಿ, ಭಾನುವಾರ

ಇವತ್ತಿನ ಒಂದು ಮನೆಯ ಬಗ್ಗೆ ಬರೆದಿಡದೆ ಮಲಗಲಾರೆ.

ಹೊಳೆಯ ಕಡೆಯ ಓಣಿ. ಒಂದೇ ಸೂರಿನಡಿ ಅತ್ತೆ, ಸೊಸೆ, ಮೊಮ್ಮಗನ ಹೆಂಡತಿ. ಅತ್ತೆಗೆ ಎಂಬತ್ತರ ಹತ್ತಿರ. ಪಡಸಾಲೆಯ ಕಂಬಕ್ಕೆ ಒರಗಿ ಕಡಲೆ ಹಸನು ಮಾಡುತ್ತಿದ್ದಳು.

"ಎಷ್ಟ ಹಡದೀಬೇ ಯವ್ವಾ?"

"ಹನ್ನೊಂದ ಹಡದೇನವಾ. ಉಳದಾವು ಐದು."

ನಾನು ಬರೆಯತೊಡಗಿದೆ. ಆಕೆ ಮೊರ ಕೆಳಗಿಟ್ಟು ನನ್ನ ಕೈಯನ್ನೇ ನೋಡಿದಳು. "ಹ್ವಾದವನ್ನೂ ಬರಕೋತಿಯೇನ?"

"ಬರಿಬೇಕಬೇ. ಸರಕಾರ ಕೇಳತೈತಿ."

"ಸರಕಾರ ಆವಾಗ ಎಲ್ಲಿತ್ತವಾ?"

ಉತ್ತರ ಕೊಡಲಾಗಲಿಲ್ಲ. ಆಮೇಲೆ ಆಕೆಯೇ ಒಂದೊಂದಾಗಿ ಹೇಳಿದಳು. ಎರಡು ಗೊಬ್ಬರ, ಅಂದರೆ ದಡಾರ, ಬಂದು ಹೋದವು. ಒಂದು ವಾಂತಿ-ಭೇದಿಯಲ್ಲಿ, ಸುಗ್ಗಿಯ ಕಾಲ, ಮುಂಡರಗಿಗೆ ಚಕ್ಕಡಿ ಹೂಡುವಷ್ಟರಲ್ಲಿ. ಒಂದು ಹುಟ್ಟಿದ ಏಳನೆಯ ದಿನ ಮೈ ಸೆಟೆದು. ಹೊಕ್ಕಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದ ಕಾಲ ಅದು, ಧನುರ್ವಾಯು ಆಗಿರಬೇಕು. ಒಂದರ ಕಾರಣ ಗೊತ್ತಿಲ್ಲ, ಜ್ವರ ಎಂದಳು. ಐದಕ್ಕೆ ನಿಂತಳು. ಹನ್ನೊಂದರಲ್ಲಿ ಐದು ಉಳಿದರೆ ಹೋದವು ಆರಾಗಬೇಕು. ಹೆಂಗಸರು ಸತ್ತ ಹೆಣ್ಣುಮಕ್ಕಳನ್ನು ಲೆಕ್ಕದಿಂದ ಬಿಡುತ್ತಾರೆ, ಕೆದಕಿ ಕೇಳಿ ಎಂದು ತರಬೇತಿಯಲ್ಲಿ ಹೇಳಿದ್ದರು. ಮೆಲ್ಲಗೆ ಕೇಳಿದೆ. "ಹೂಂ, ಒಂದ ಹೆಣ್ಣ ಇತ್ತು. ಹೆಸರ ಇಟ್ಟಿದ್ದಿಲ್ಲ," ಎಂದಳು. ಹೆಣ್ಣು ಎಂಬ ಚೌಕದಲ್ಲಿ ಅದೂ ಸೇರಿತು. ಹೆಸರಿಲ್ಲದ ಆ ಕೂಸು ಮೊದಲ ಸಲ ಕಾಗದಕ್ಕೆ ಬಂದದ್ದು ಇವತ್ತು.

ಸೊಸೆ ಐವತ್ತು ದಾಟಿದವಳು. ಐದು ಹಡೆದಿದ್ದಾಳೆ, ನಾಲ್ಕು ಉಳಿದಿವೆ. ನಾಲ್ಕನೆಯದರ ಬೆನ್ನಿಗೇ ಆಪರೇಶನ್ ಮಾಡಿಸಿಕೊಳ್ಳಬೇಕೆಂದಿದ್ದಳಂತೆ. ಅತ್ತೆ ಒಪ್ಪಲಿಲ್ಲ. "ಒಂದ ಕಣ್ಣ ಕಣ್ಣಲ್ಲ, ಒಂದ ಮಗ ಮಗ ಅಲ್ಲ" ಎಂದಳಂತೆ. ಆಗ ಸೊಸೆಗಿದ್ದದ್ದು ಒಬ್ಬನೇ ಗಂಡುಮಗ. ಹನ್ನೊಂದರಲ್ಲಿ ಆರನ್ನು ಮಣ್ಣಿಗಿಟ್ಟವಳ ಬಾಯಿಂದ ಬಂದ ಮಾತು ಅದು. ಅದನ್ನು ಮೂಢತನ ಎನ್ನಲು ನನ್ನಿಂದಾಗದು. ಐದು ಉಳಿಯಲು ಹನ್ನೊಂದು ಹಡೆಯಬೇಕಾಯಿತು ಎಂಬ ಲೆಕ್ಕ ಆಕೆಯ ಮೈಯಲ್ಲೇ ಇದೆ.

ಮೊಮ್ಮಗನ ಹೆಂಡತಿಗೆ ಇಪ್ಪತ್ತನಾಲ್ಕು. ಎರಡು ಹಡೆದಿದ್ದಾಳೆ, ಎರಡೂ ಇವೆ, ಆಪರೇಶನ್ ಆಗಿದೆ. ಏಳನೆಯವರೆಗೆ ನನ್ನ ಹತ್ತಿರವೇ ಓದಿದವಳು. ದೊಡ್ಡದನ್ನು ಅಂಗನವಾಡಿಗೆ ಕಳಿಸುತ್ತಾಳೆ. ಚುಚ್ಚುಮದ್ದಿನ ಕಾರ್ಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾಳೆ, ತೆಗೆದು ತೋರಿಸಿದಳು.

ಹನ್ನೊಂದು, ಐದು, ಎರಡು. ಒಂದೇ ಅನುಸೂಚಿಯ ಮೂರು ಸಾಲು. ಊರಿಗೆ ರೇಡಿಯೋ ಬಂತು, ಲೈಟು ಬಂತು, ಬಸ್ಸು ಬಂತು ಎಂದು ಬದಲಾವಣೆ ಎಣಿಸುತ್ತೇವೆ. ಈ ಮೂರು ಅಂಕಿಗಿಂತ ದೊಡ್ಡ ಬದಲಾವಣೆ ನನ್ನ ಆಯುಷ್ಯದಲ್ಲಿ ಹಮ್ಮಿಗಿಯಲ್ಲಿ ಆಗಿಲ್ಲ.

16 ಫೆಬ್ರುವರಿ, ಬುಧವಾರ

ಬೀಗ, ಬೀಗ. ಕಡಲೆ ಕಿತ್ತಾಯಿತು, ಬಿಳಿಜೋಳ ಇನ್ನೇನು ಕೊಯ್ಲಿಗೆ ಬಂತು, ಭೂಮಿ ಇಲ್ಲದವರು ಗುಳೆ ಹೊರಟಾಗಿದೆ. ಬೆಂಗಳೂರು, ಮಂಗಳೂರು, ಗೋವಾ. ಗಾರೆ ಕೆಲಸ, ರಸ್ತೆ ಕೆಲಸ, ಮಣ್ಣು ಅಗೆಯುವ ಕೆಲಸ.

ನಿಯಮ ಹೀಗಿದೆ: ಫೆಬ್ರುವರಿ 9ರಿಂದ 28ರ ನಡುವೆ ಒಂದು ದಿನವಾದರೂ ಮನೆಯಲ್ಲಿದ್ದವರನ್ನು ಇಲ್ಲೇ ಎಣಿಸಬೇಕು. ಪೂರ್ತಿ ಅವಧಿಗೆ ಹೊರಗಿದ್ದರೆ ಅವರು ಎಲ್ಲಿದ್ದಾರೋ ಅಲ್ಲಿ ಎಣಿಕೆಯಾಗಬೇಕು. ಕಾಗದದ ಮೇಲೆ ಸರಿಯಾಗಿಯೇ ಇದೆ. ಇವತ್ತು ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳ ಮುಂದೆ ನಿಂತಿದ್ದೆ. ಒಂದು ಕುಟುಂಬ ಮೊನ್ನೆ ಹೋಗಿದೆ. ಹೋಗುವ ಮೊದಲು ನಾನು ಬರೆದುಕೊಂಡಾಗಿತ್ತು, ಅವರು ಹಮ್ಮಿಗಿಯವರೇ. ಇನ್ನೊಂದು ತಿಂಗಳ ಮೊದಲ ವಾರವೇ ಹೋಗಿದೆ. ಆರು ಜನ. ಅವರನ್ನು ನಾನು ಬರೆಯುವಂತಿಲ್ಲ. ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ ಗಣತಿದಾರರು ಹೋದರೆ ಅವರು ಬೆಂಗಳೂರಿನವರು. ಹೋಗದಿದ್ದರೆ ಅವರು ಎಲ್ಲಿಯವರು? ಅವರ ಎರಡನೆಯ ಮಗಳು ನನ್ನ ಐದನೇ ತರಗತಿಯಲ್ಲಿದ್ದಾಳೆ. ಹಾಜರಿಯಲ್ಲಿ ಅವಳಿಗೆ ದಿನವೂ ಗೈರು ಬರೆಯುತ್ತಿದ್ದೇನೆ.

ಎದುರುಮನೆಯ ಅಜ್ಜ ಕೇಳಿದರು: "ಅಕ್ಕೋರ, ಅವರನ್ನ ಬರಕೊಳ್ಳಲಿಲ್ಲಂದ್ರ ರೇಶನ್ ಕಾರ್ಡ್ ಹೋಗತೈತೇನ್ರಿ?" ಗಣತಿಗೂ ರೇಶನ್ನಿಗೂ ಸಂಬಂಧವಿಲ್ಲ, ಇಲ್ಲಿ ಹೇಳಿದ್ದು ಗುಟ್ಟಾಗಿಯೇ ಉಳಿಯುತ್ತದೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ಮುಖದ ಕಳವಳ ಮಾತ್ರ ಹೋಗಲಿಲ್ಲ.

18 ಫೆಬ್ರುವರಿ, ಶುಕ್ರವಾರ

ಭಾರತ ಹುಣ್ಣಿವೆ. ಅರ್ಧ ಓಣಿ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿದೆ. ಇವತ್ತು ಅನುಸೂಚಿ ತುಂಬುವ ಕೆಲಸ ಆಗಲಿಲ್ಲ. ಬರೆದ ಹಾಳೆಗಳ ಮೊತ್ತ ಕೂಡಿಸುತ್ತ ಕೂತೆ.

21 ಫೆಬ್ರುವರಿ, ಸೋಮವಾರ

ತಂಗಿಯ ಮಗಳು ಧಾರವಾಡದಿಂದ ಬಂದಿದ್ದಾಳೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದಾಳೆ. ಹನ್ನೊಂದು-ಐದು-ಎರಡರ ಕತೆ ಹೇಳಿದೆ. "ದೊಡ್ಡವ್ವಾ, ಇದನ್ನ ನೈಜೀರಿಯಾದಾಗ ಕೇಳಿದಾಂವ ಒಬ್ಬಾಂವ ನಮ್ಮ ಕರ್ನಾಟಕಕ್ಕೂ ಬಂದಿದ್ದ" ಎಂದು ಚೀಲದಿಂದ ಝೆರಾಕ್ಸ್ ಕಟ್ಟು ತೆಗೆದಳು. ರಾತ್ರಿ ಹನ್ನೆರಡರ ತನಕ ಇಬ್ಬರೂ ಅದನ್ನೇ ಓದಿದೆವು, ಇಂಗ್ಲಿಷಿನ ಕಷ್ಟದ ಸಾಲುಗಳನ್ನು ಆಕೆ ಬಿಡಿಸಿ ಹೇಳಿದಳು.

ಜಾನ್ ಕಾಲ್ಡ್‌ವೆಲ್ ಎಂಬ ಆಸ್ಟ್ರೇಲಿಯಾದ ಜನಸಂಖ್ಯಾ ಶಾಸ್ತ್ರಜ್ಞ. ಮೊದಲು ಘಾನಾದಲ್ಲಿ, ಆಮೇಲೆ ನೈಜೀರಿಯಾದ ಇಬಾದಾನ್ ಸೀಮೆಯ ಯೊರುಬಾ ಜನರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದವರು. 1979ರಿಂದ ಹೆಂಡತಿ ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ. ಎಚ್. ರೆಡ್ಡಿ ಜೊತೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಬರೀ ಫಾರಂ ತುಂಬಿಸಿಕೊಂಡು ಹೋಗಲಿಲ್ಲ, ಹಳ್ಳಿಯಲ್ಲೇ ಉಳಿದು ಒಂದೇ ಮನೆಗೆ ಮತ್ತೆ ಮತ್ತೆ ಹೋಗಿ ಮಾತಾಡಿಸಿದರು. ಅದರ ಪುಸ್ತಕ 1988ರಲ್ಲಿ ಬಂತು.

ಅವರು ನೈಜೀರಿಯಾದಿಂದ ಹೊತ್ತುತಂದ ವಿಚಾರ ಇದು. ರೈತಾಪಿ ಮನೆಯಲ್ಲಿ ದುಡಿಮೆಯೂ ಕಾಳೂ ಕಾಸೂ ಮಕ್ಕಳಿಂದ ಹಿರಿಯರ ಕಡೆಗೆ ಹರಿಯುತ್ತವೆ. ಆರು ವರ್ಷಕ್ಕೆ ಮಗು ಕುರಿಮರಿ ಕಾಯುತ್ತದೆ, ಎಂಟಕ್ಕೆ ನೀರು ತರುತ್ತದೆ, ಹತ್ತಕ್ಕೆ ಕಳೆ ಕೀಳುತ್ತದೆ, ಮುಪ್ಪಿಗೆ ಅನ್ನ ಹಾಕುತ್ತದೆ. ಅಂಥಲ್ಲಿ ಹೆಚ್ಚು ಹಡೆಯುವುದು ತಿಳಿವಳಿಕೆಯ ನಡೆಯೇ. ಶಾಲೆ ಬಂದ ಮೇಲೆ ಆ ಹರಿವು ತಿರುಗುತ್ತದೆ. ಪಾಟಿ, ಅಂಗಿ, ಪುಸ್ತಕ, ಟ್ಯೂಷನ್ ಎಂದು ಖರ್ಚು ಹಿರಿಯರಿಂದ ಮಕ್ಕಳ ಕಡೆಗೆ ಹೋಗತೊಡಗುತ್ತದೆ. ಆಗ ಮನೆಯವರೇ ಎರಡು ಸಾಕು ಅನ್ನುತ್ತಾರೆ, ಯಾರೂ ಬಂದು ಹೇಳಬೇಕಾಗಿಲ್ಲ.

ನನ್ನ ಎದೆಗೆ ನಾಟಿದ್ದು ಇನ್ನೊಂದು. ನೈಜೀರಿಯಾದ ಅಂಕಿಅಂಶ ಜಾಲಾಡಿ 1979ರಲ್ಲಿ ಕಾಲ್ಡ್‌ವೆಲ್ ಬರೆದರು: ಮಗು ಉಳಿಯುತ್ತದೋ ಇಲ್ಲವೋ ಎಂಬುದನ್ನು ತಂದೆಯ ಆದಾಯಕ್ಕಿಂತ ತಾಯಿಯ ಓದು ಹೆಚ್ಚು ನಿರ್ಧರಿಸುತ್ತದೆ. ಅದು ಹೇಗೆಂಬುದು ಬಿಚ್ಚಿಕೊಂಡದ್ದು ಕರ್ನಾಟಕದ ಹಳ್ಳಿಗಳಲ್ಲಿ. ಮಗುವಿಗೆ ಜ್ವರ ಬಂದಿದೆ ಎಂದು ಮೊದಲು ಕಾಣುವುದು ತಾಯಿಗೆ. ಆದರೆ ಎಳೆಯ ಸೊಸೆಗೆ ಅದನ್ನು ಬಾಯಿಬಿಟ್ಟು ಹೇಳುವ ಹಕ್ಕೂ ಇಲ್ಲ, ಆಸ್ಪತ್ರೆಗೆ ಒಯ್ಯಿರಿ ಎನ್ನುವ ಅಧಿಕಾರವಂತೂ ದೂರ. ಅತ್ತೆ ನೋಡಬೇಕು, ಮಾವ ಒಪ್ಪಬೇಕು. ಶಾಲೆ ಕಂಡ ಸೊಸೆ ಬಾಯಿ ಬಿಡುತ್ತಾಳೆ. ಅವಳ ಮಾತಿಗೆ ಅತ್ತೆಯೂ ಕಿವಿ ಕೊಡುತ್ತಾಳೆ. ಆ ಒಂದೆರಡು ದಿನದ ಅಂತರದಲ್ಲಿ ಕೂಸು ಉಳಿಯುತ್ತದೆ.

ಟ್ರಂಕಿನಿಂದ ಚುಚ್ಚುಮದ್ದಿನ ಕಾರ್ಡು ತೆಗೆದು ತೋರಿಸಿದ ಹುಡುಗಿ ಕಣ್ಣ ಮುಂದೆ ಬಂದಳು. ಏಳನೆಯ ತರಗತಿಯ ತನಕ ನಾನು ಕಲಿಸಿದ್ದು ಕೂಡುವ-ಕಳೆಯುವ ಲೆಕ್ಕ, ಪದ್ಯ, ನಕ್ಷೆಯಲ್ಲಿ ತುಂಗಭದ್ರೆ. ಅದು ಅವಳ ಬಾಯಿಗೆ ಇಷ್ಟು ಬಲ ಕೊಟ್ಟಿದೆ ಎಂದು ಈವರೆಗೆ ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕೆಲಸಕ್ಕೆ ಸಿಕ್ಕ ದೊಡ್ಡ ಅರ್ಥ ಇದು.

ನೈಜೀರಿಯಾದ ಈಗಿನ ಅಂಕಿಯನ್ನೂ ತಂಗಿಯ ಮಗಳು ಗುರುತು ಹಾಕಿಕೊಂಡು ಬಂದಿದ್ದಳು. 2008ರ ಸಮೀಕ್ಷೆಯಂತೆ ಅಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 5.7 ಮಕ್ಕಳು. ಹುಟ್ಟಿದ ಸಾವಿರದಲ್ಲಿ 157 ಮಕ್ಕಳು ಐದು ತುಂಬುವ ಮೊದಲೇ ಸಾಯುತ್ತವೆ. ಕರ್ನಾಟಕದಲ್ಲಿ 2005-06ರ ಸಮೀಕ್ಷೆಯಲ್ಲಿ ಹೆಣ್ಣಿಗೆ ಎರಡು, ಸಾವಿರಕ್ಕೆ 55. ನೈಜೀರಿಯಾದಲ್ಲಿಯೂ ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಿಗೆ ಏಳರ ಮೇಲೆ, ಪ್ರೌಢಶಾಲೆ ದಾಟಿ ಓದಿದವರಿಗೆ ಮೂರರ ಒಳಗೆ. ಬಡತನವೂ ಓದೂ ಬೇರೆ ಬೇರೆಯಾದ ಉತ್ತರ-ದಕ್ಷಿಣಗಳು ಆ ದೇಶಕ್ಕೂ ಇವೆ. ಉತ್ತರದ ರಾಜ್ಯಗಳಲ್ಲಿ ಏಳು, ಲಾಗೋಸ್ ಇರುವ ನೈಋತ್ಯದಲ್ಲಿ ನಾಲ್ಕೂವರೆ.

22 ಫೆಬ್ರುವರಿ, ಮಂಗಳವಾರ

ತಂಗಿಯ ಮಗಳು ಬೆಳಗಿನ ಬಸ್ಸಿಗೆ ಹೋದಳು. ಹೋಗುವಾಗ ಹೇಳಿದ್ದೊಂದು ದಿನವಿಡೀ ತಲೆಯಲ್ಲಿ ತಿರುಗುತ್ತಿದೆ. ನೈಜೀರಿಯಾದಲ್ಲಿ ಗಣತಿಯೆಂದರೇ ಜಗಳ. ತಲೆ ಎಣಿಕೆಯ ಮೇಲೆ ರಾಜ್ಯಗಳಿಗೆ ಹಣವೂ ಸೀಟೂ ಹಂಚಿಕೆಯಾಗುವುದರಿಂದ 1962ರ ಗಣತಿಯನ್ನು ರದ್ದು ಮಾಡಬೇಕಾಯಿತು, 1973ರದನ್ನೂ. 1991ರಲ್ಲಿ ಎಲ್ಲರ ಅಂದಾಜಿಗಿಂತ ಬಹಳ ಕಡಿಮೆ, 8.9 ಕೋಟಿ ಎಂದು ಬಂತು. 2006ರಲ್ಲಿ 14 ಕೋಟಿ. ಆ ಸಲ ಜಗಳ ತಪ್ಪಿಸಲು ಧರ್ಮವನ್ನೂ ಬುಡಕಟ್ಟನ್ನೂ ಕೇಳಲೇ ಇಲ್ಲ.

ನಮ್ಮಲ್ಲಿ ಅಷ್ಟು ಆಗಿಲ್ಲ ಎಂದು ಸಮಾಧಾನಪಡುವ ಮೊದಲು ಇದನ್ನೂ ನೆನೆಯಬೇಕು: ನಮ್ಮ ಲೋಕಸಭೆಯ ಸೀಟುಗಳ ರಾಜ್ಯವಾರು ಹಂಚಿಕೆ ಇವತ್ತಿಗೂ 1971ರ ಗಣತಿಯ ಮೇಲೆಯೇ ನಿಂತಿದೆ. ಮಕ್ಕಳನ್ನು ಕಡಿಮೆ ಮಾಡಿಕೊಂಡ ರಾಜ್ಯ ಸೀಟು ಕಳೆದುಕೊಳ್ಳಬಾರದೆಂದು 1976ರಲ್ಲಿ ತಡೆಹಿಡಿದದ್ದು. 2026ರ ನಂತರ ಆ ತಡೆ ಎತ್ತುವ ದಿನ ಬಂದಾಗ ಹಮ್ಮಿಗಿಯ ಹೆಂಗಸರು ಮಾಡಿಸಿಕೊಂಡ ಆಪರೇಶನ್ನುಗಳಿಗೆ ದಂಡ ತೆರಬೇಕಾಗಿ ಬಂದರೆ ಅದು ಅನ್ಯಾಯ. ಇಲ್ಲಿ ಬರೆದಿಟ್ಟಿರುತ್ತೇನೆ.

24 ಫೆಬ್ರುವರಿ, ಗುರುವಾರ

ಮದುವೆಯಾದಾಗಿನ ವಯಸ್ಸು. ಹಿರಿಯರು "ನೆರೆಯೂಕಿಂತ ಮೊದಲ" ಎನ್ನುತ್ತಾರೆ, ನಾನು ಹನ್ನೆರಡು ಹದಿಮೂರು ಎಂದು ಬರೆಯುತ್ತೇನೆ. ನಡುವಯಸ್ಸಿನವರು ಹದಿನಾಲ್ಕು ಹದಿನೈದು ಹೇಳುತ್ತಾರೆ. ಮೊನ್ನೆ ಮೊನ್ನೆ ಮದುವೆಯಾದವರೆಲ್ಲ ಹದಿನೆಂಟು ಎನ್ನುತ್ತಾರೆ. ಅವರಲ್ಲಿ ಕೆಲವರ ದಾಖಲಾತಿ ಪುಸ್ತಕ ನನ್ನ ಬೀರುವಿನಲ್ಲೇ ಇದೆ. ಅವರಿಗೆ ಹದಿನಾರೂ ತುಂಬಿರಲಿಲ್ಲ. ಒಬ್ಬಳು ಹದಿನೆಂಟು ಎಂದು ಹೇಳಿ ನನ್ನ ಮುಖ ನೋಡಲಿಲ್ಲ. ಹುಟ್ಟಿದ ವರ್ಷ ನನಗೆ ಗೊತ್ತೆಂದು ಅವಳಿಗೂ ಗೊತ್ತು. ಲೆಕ್ಕ ಮಾಡಿ ಸರಿಯಾದದ್ದನ್ನೇ ಬರೆದೆ. ಯಾರಿಗೂ ತೋರಿಸುವುದಿಲ್ಲ, ಯಾವ ಕೋರ್ಟಿಗೂ ಹೋಗುವುದಿಲ್ಲ ಎಂದಮೇಲೆ ಹೂಂ ಎಂದಳು.

ಹೆಣ್ಣಿಗೆ ಎರಡೇ ಮಕ್ಕಳು ಎಂಬ ನಮ್ಮ ಸಾಧನೆಯಲ್ಲಿ ನನಗೆ ನೋವಾಗುವುದು ಇಲ್ಲಿಯೇ. ಹದಿನಾರಕ್ಕೆ ಮದುವೆ, ಹದಿನೇಳಕ್ಕೆ ಒಂದು, ಹತ್ತೊಂಬತ್ತಕ್ಕೆ ಇನ್ನೊಂದು, ಇಪ್ಪತ್ತೆರಡಕ್ಕೆ ಆಪರೇಶನ್. 2005-06ರ ಸಮೀಕ್ಷೆಯಂತೆ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಆಪರೇಶನ್ ಆಗಿದೆ, ಗಂಡಸರ ಆಪರೇಶನ್ ಹುಡುಕಿದರೂ ಸಿಗದು. ತುರ್ತುಪರಿಸ್ಥಿತಿಯ ಹೊತ್ತಿಗೆ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಆಪರೇಶನ್ ಆದವು, ಅದರಲ್ಲಿ ಗಂಡಸರದೇ ದೊಡ್ಡ ಪಾಲು. ಆ ಬಲವಂತಕ್ಕೆ ಗಂಡಸರು ಹೆದರಿದರು. ಆಮೇಲಿನ ಭಾರವನ್ನೆಲ್ಲ ಹೆಂಗಸರ ಹೊಟ್ಟೆಯ ಮೇಲೆ ಹೊರಿಸಲಾಯಿತು. ಸಂಖ್ಯೆ ಇಳಿದಿದೆ. ಹುಡುಗಿಯ ಬಾಲ್ಯಕ್ಕೆ ಅವಳ ಅವ್ವನಿಗಿಂತ ಎರಡು ವರ್ಷವೂ ಹೆಚ್ಚಿಗೆ ಸಿಕ್ಕಿಲ್ಲ.

28 ಫೆಬ್ರುವರಿ, ಸೋಮವಾರ, ರಾತ್ರಿ

ಮನೆಯಿಲ್ಲದವರನ್ನು ಎಣಿಸುವ ರಾತ್ರಿ. ತಂಡವಾಗಿ ಹೊರಟೆವು. ಬಸ್ ನಿಲ್ದಾಣದ ಹತ್ತಿರ ಒಬ್ಬ ಮುದುಕ. ಹೊಲದಲ್ಲಿ ಕುರಿ ನಿಲ್ಲಿಸಿದ್ದ ಹಟ್ಟಿಕಾರರು, ದೂರದ ಸೀಮೆಯವರು. ಹೊಲದವನಿಗೆ ಹಿಕ್ಕೆಯ ಗೊಬ್ಬರ, ಇವರಿಗೆ ಕಾಳು. ಜೋಳಿಗೆಯಲ್ಲಿ ಒಂದು ಕೂಸು ಮಲಗಿತ್ತು. "ಇದನ್ನೂ ಬರಕೋರಿ" ಎಂದು ಅದರ ತಾಯಿಯೇ ದೀಪ ಎತ್ತಿ ಹಿಡಿದಳು. ಹುಟ್ಟಿದ ಊರು ಕೇಳಿದರೆ ಯಾವುದೋ ಅಡವಿಯ ಹೆಸರು ಹೇಳಿದಳು.

ಹೊಳೆಯಾಚೆ ಹೂವಿನಹಡಗಲಿ ಸೀಮೆಯ ದೀಪಗಳು ಕಾಣುತ್ತಿದ್ದವು. ಅಲ್ಲಿಯೂ ನಮ್ಮಂಥವರು ತಿರುಗುತ್ತಿದ್ದಿರಬೇಕು. ಬ್ಯಾರೇಜಿನ ಹಿನ್ನೀರಿಗೆ ಮುಳುಗುವ ಪಟ್ಟಿಯಲ್ಲಿರುವ ಬಿದರಳ್ಳಿ, ವಿಠಲಾಪುರ, ಗುಮ್ಮಗೋಳದವರ ಮಾತು ಬಂತು. ಇವತ್ತು ಒಂದು ಊರಿನ ಹೆಸರಿನಲ್ಲಿ ಎಣಿಕೆಯಾದವರು ಮುಂದಿನ ಗಣತಿಗೆ ಬೇರೊಂದು ಜಾಗದಲ್ಲಿ ಸಿಗುತ್ತಾರೆ. 2021ಕ್ಕೆ ಹಳೆಯ ಮನೆಪಟ್ಟಿ ಹಿಡಿದು ಹೋದವರಿಗೆ ಅಲ್ಲಿ ನೀರು ಇರುತ್ತದೆ.

4 ಮಾರ್ಚ್, ಶುಕ್ರವಾರ

ಪರಿಷ್ಕರಣೆಯ ಸುತ್ತು. ಮಾರ್ಚ್ 1ರ ಸೊನ್ನೆ ಗಂಟೆಗೆ ದೇಶದಲ್ಲಿ ಎಷ್ಟು ಜನ ಇದ್ದರೋ ಅದೇ ಲೆಕ್ಕ. ಅದಕ್ಕೆ ಮೊದಲು ಹುಟ್ಟಿದ್ದರೆ ಸೇರಿಸು, ಸತ್ತಿದ್ದರೆ ಹೊಡೆದುಹಾಕು. ನನ್ನ ಪಾಲಿನಲ್ಲಿ 26ರಂದು ಮುಂಡರಗಿ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿದೆ, ಸೇರಿಸಿದೆ. ಹೆಣ್ಣುಕೂಸಿಗೆ ಸರಕಾರ ಕೊಡುವ ಭಾಗ್ಯಲಕ್ಷ್ಮಿ ಬಾಂಡಿಗೆ ಅಪ್ಪ ಆಗಲೇ ಅಂಗನವಾಡಿಗೆ ಓಡಾಡುತ್ತಿದ್ದಾನೆ. ಶಿವರಾತ್ರಿಯ ದಿನ, ಅಂದರೆ ಮೊನ್ನೆ, ಹೊಳೆಯ ಓಣಿಯ ಅಜ್ಜಿ ತೀರಿಕೊಂಡಳು. ಹನ್ನೊಂದು ಹಡೆದವಳು. ಅವಳ ಸಾಲನ್ನು ಹೊಡೆಯುವಂತಿಲ್ಲ. ನಿಯಮದ ಪ್ರಕಾರ ಅವಳು ಈ ದಶಕದ ಭಾರತದಲ್ಲಿ ಬದುಕಿರುವವಳೇ. ಹೋದ ಆರು ಮಕ್ಕಳ ಲೆಕ್ಕವೂ ಅವಳ ಸಾಲಿನಲ್ಲಿ ಹಾಗೇ ಇದೆ.

ಸೊಸೆ ಬಾಗಿಲಲ್ಲಿ ನಿಂತು, "ಅಕ್ಕೋರ, ನಿಮ್ಮ ಮುಂದ ಹೇಳಿದ್ಲಲ್ರಿ, ಆ ಹೆಸರಿಲ್ಲದ ಹೆಣ್ಣಕೂಸಿನ ಸುದ್ದಿ ನಮಗ ಯಾರಿಗೂ ಗೊತ್ತಿದ್ದಿಲ್ಲ" ಎಂದಳು.

10 ಏಪ್ರಿಲ್, ಭಾನುವಾರ

ಪತ್ರಿಕೆಗಳಲ್ಲಿ ಅಂಕಿಗಳ ಮಳೆ. ದೇಶ 121 ಕೋಟಿ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 914 ಹೆಣ್ಣು, ಸ್ವಾತಂತ್ರ್ಯ ಬಂದ ಮೇಲಿನ ಅತಿ ಕಡಿಮೆ. ಸಂಖ್ಯೆ ಇಳಿಸುವ ದಾರಿಯಲ್ಲಿ ಹೆಣ್ಣನ್ನೇ ಇಳಿಸುತ್ತಿದ್ದೇವೆಯೇ ಎಂದು ದಿಗಿಲಾಯಿತು.

ಗದಗ ಜಿಲ್ಲೆ 10 ಲಕ್ಷ 65 ಸಾವಿರ. ಹತ್ತು ವರ್ಷದಲ್ಲಿ ನೂರಕ್ಕೆ ಒಂಬತ್ತೂವರೆ ಬೆಳೆದಿದೆ. ರಾಜ್ಯ ಹದಿನೈದೂವರೆ ದಾಟಿದೆ, ಬೆಂಗಳೂರು ನಗರ ಜಿಲ್ಲೆ 47ರ ಹತ್ತಿರ. ಚಿಕ್ಕಮಗಳೂರಿನಲ್ಲಂತೂ ಜನ ಹತ್ತು ವರ್ಷದ ಹಿಂದಿಗಿಂತ ಕಡಿಮೆಯಾಗಿದ್ದಾರೆ. ಗದಗ ಜಿಲ್ಲೆ ಕುಟುಂಬ ಯೋಜನೆಯಲ್ಲಿ ಮುಂದಿದೆ ಎಂದು ಕಚೇರಿಯಲ್ಲಿ ಯಾರೋ ಹೆಮ್ಮೆಪಟ್ಟರು. ನನಗೆ ಬೀಗ ಹಾಕಿದ ಮನೆಗಳು ನೆನಪಾದವು. ನಮ್ಮ ಒಂಬತ್ತೂವರೆಯೊಳಗೆ ಕಡಿಮೆ ಹಡೆದವರೂ ಇದ್ದಾರೆ, ಬಿಟ್ಟುಹೋದವರೂ ಇದ್ದಾರೆ. ಬೆಂಗಳೂರಿನ ನಲವತ್ತೇಳರೊಳಗೆ ಹಮ್ಮಿಗಿಯವರು ಎಷ್ಟೋ. ಲಾಗೋಸ್ ಬೆಳೆದದ್ದೂ ಹೀಗೆ, ನೈಜೀರಿಯಾದ ಹಳ್ಳಿಗಳಿಂದ ಹೊರಟವರನ್ನು ಸೇರಿಸಿಕೊಂಡು.

1 ನವೆಂಬರ್ 2011, ಮಂಗಳವಾರ

ಶಾಲೆಯಲ್ಲಿ ರಾಜ್ಯೋತ್ಸವದ ಧ್ವಜಾರೋಹಣ ಮುಗಿಸಿ ಕೂತಿದ್ದೆವು. ನಿನ್ನೆ ಜಗತ್ತಿನ ಜನಸಂಖ್ಯೆ 700 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಸಾರಿದೆ. ಶತಮಾನದ ಕೊನೆಗೆ ಸಾವಿರ ಕೋಟಿ ದಾಟುತ್ತದೆ, ಈಗ ನೂರು ಕೋಟಿಯಷ್ಟಿರುವ ಆಫ್ರಿಕಾ ಮೂರೂವರೆ ಪಟ್ಟು ಆಗುತ್ತದೆ ಎಂಬುದು ಅವರ ಈ ವರ್ಷದ ಅಂದಾಜು. ಜೊತೆಯ ಮಾಸ್ತರೊಬ್ಬರು, "ಆಫ್ರಿಕಾದವರು ಹಡಿಯೂದ ಬಿಡವಲ್ರು, ಜಗತ್ತ ಮುಳಗಸ್ತಾರ" ಎಂದರು.

ನನಗೆ ಸುಮ್ಮನಿರಲಾಗಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದ ಹೆಣ್ಣಿಗೂ ಆರರ ಹತ್ತಿರವೇ ಮಕ್ಕಳು. ಆಗ ಬೇರೆ ದೇಶದವರು ನಮ್ಮನ್ನೂ ಹೀಗೇ ಅಂದರು. ಇವತ್ತಿನ ನೈಜೀರಿಯಾದ 5.7 ನಮ್ಮ ಅಜ್ಜಿಯರ ಸಂಖ್ಯೆ. ಅದು ಅಲ್ಲಿಯ ಹೆಂಗಸರ ಗುಣವಲ್ಲ, ಅಲ್ಲಿಯ ಆಸ್ಪತ್ರೆ-ಶಾಲೆಗಳ ದೂರ. ನಮ್ಮೂರಿನ ಹೆಂಗಸರು ಭಾಷಣಕ್ಕೆ ಹಡೆಯುವುದನ್ನು ಬಿಡಲಿಲ್ಲ. ಹುಟ್ಟಿದ್ದು ಉಳಿಯುತ್ತದೆ ಎಂಬ ಧೈರ್ಯ ಬಂದಮೇಲೆ ಬಿಟ್ಟರು. ಆ ಧೈರ್ಯ ತಂದವರು ಬಿಸಿಲಲ್ಲಿ ನಡೆದು ಬಂದ ನರ್ಸಮ್ಮ, ಸೂಜಿಮದ್ದು, ಅಂಗನವಾಡಿ, ಶಾಲೆ. ಅವು ಅಲ್ಲಿಗೆ ಹೋಗಲಿ, ಆಮೇಲೆ ಎಣಿಸಿ ನೋಡಿ ಎಂದೆ. ಮಾಸ್ತರು ವಾದಿಸಲಿಲ್ಲ. ಮಕ್ಕಳಿಗೆ ಇದನ್ನೇ ಪಾಠ ಮಾಡಿ ಹೇಳೋಣ್ರಿ ಎಂದರು. ಒಳ್ಳೆಯ ಮನುಷ್ಯ.

ಈ ಸಲ ಹಿಂಗಾರಿಯೂ ಕೈಕೊಟ್ಟಿದೆ. ಬಿತ್ತಿದ ಕಡಲೆ ಮೇಲೇಳುತ್ತಿಲ್ಲ. ಗುಳೆ ಫೆಬ್ರುವರಿಯ ತನಕ ಕಾಯುವುದಿಲ್ಲ, ದೀಪಾವಳಿ ಮುಗಿದದ್ದೇ ಶುರುವಾಗಿದೆ. ಹೋದ ವರ್ಷ ಐದನೆಯಲ್ಲಿದ್ದು ಗೈರಾದ ಆ ಹುಡುಗಿಯನ್ನು ಜೂನಿನಲ್ಲಿ ಮತ್ತೆ ಕರೆತಂದು ಆರನೆಯದಕ್ಕೆ ಕೂರಿಸಿದ್ದೇನೆ. ಅವಳ ಅವ್ವ ನಿನ್ನೆ ಬಂದು, ಮುಂದಿನ ವಾರ ಹೊರಡುತ್ತೇವೆ, ಸಣ್ಣ ತಮ್ಮನನ್ನು ನೋಡಿಕೊಳ್ಳಲು ಇವಳೂ ಬೇಕು ಎಂದಳು. ಅಲ್ಲಿ ಶೆಡ್ಡಿನಲ್ಲಿ ಎರಡು ವರ್ಷ ಕಳೆದರೆ ಇವಳಿಗೂ ಹದಿನೈದಕ್ಕೆ ಮದುವೆ.

ಗುಳೆ ಹೋಗುವವರ ಮಕ್ಕಳಿಗೆ ಆರು ತಿಂಗಳು ಊಟ-ವಸತಿ ಕೊಡುವ ಋತುಮಾನದ ಹಾಸ್ಟೆಲನ್ನು ಸರ್ವ ಶಿಕ್ಷಾ ಅಭಿಯಾನದಲ್ಲಿ ತೆರೆಯಲು ಅವಕಾಶವಿದೆ. ಊರಲ್ಲಿ ಅಂಥ ಮಕ್ಕಳು ಯಾರು ಯಾರು ಎಂಬುದನ್ನು ಫೆಬ್ರುವರಿಯಲ್ಲಿ ಮನೆ ಮನೆ ತಿರುಗಿದ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಗಣತಿಯ ಹಾಳೆಗಳು ಸರಕಾರದ ಗುಟ್ಟು, ಅವು ಹೋಗಿಯಾಯಿತು, ಅದರಿಂದ ಒಂದಕ್ಷರವೂ ತೆಗೆಯುವಂತಿಲ್ಲ. ಹಾಗಾಗಿ ಇವತ್ತು ಮಧ್ಯಾಹ್ನದಿಂದ ಮತ್ತೆ ಮನೆಮನೆಗೆ ಹೋಗಿ, ಕೇಳಿ, ಒಪ್ಪಿದವರ ಮಕ್ಕಳ ಹೆಸರನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಹೆಣ್ಣುಮಕ್ಕಳದು ಮೊದಲು. ಗುರುವಾರ ಮುಂಡರಗಿಗೆ ಹೋಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅರ್ಜಿಯ ಜೊತೆ ಪಟ್ಟಿ ಕೊಡಬೇಕು. ಅಷ್ಟರೊಳಗೆ ಈ ಹುಡುಗಿಯ ಅವ್ವನನ್ನು ಇನ್ನೊಂದು ವಾರ ತಡೆಯಬೇಕು. ಸಣ್ಣವನಿಗೆ ಅಂಗನವಾಡಿಯಲ್ಲಿ ಜಾಗ ಇದೆ, ಅವನನ್ನೂ ಇಲ್ಲೇ ಬಿಟ್ಟುಹೋಗು, ಅಜ್ಜಿ ಇದ್ದಾಳಲ್ಲ ಎಂದು ಕೇಳಿ ನೋಡುತ್ತೇನೆ.